ಬಳ್ಳಾರಿ ಜೀನ್ಸ್ ದುಬೈಗೆ ಕಳಿಸಬೇಕು, ಸರ್ಕಾರದ ಸಹಾಯ ನಿಜವಾಗಿ ಸಿಗುತ್ತದಾ?

ಕೌಲ್‌ಬಜಾರ್ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ ಕೌಲ್‌ಬಜಾರ್‌ನಲ್ಲಿ ಚಿಕ್ಕ ಜೀನ್ಸ್ ಯೂನಿಟ್. 16 ಮೆಷಿನ್ ಇವೆ. ಅಪ್ಪ ಶುರು ಮಾಡಿದ್ದು, ಈಗ ನಾನು ಮತ್ತು ತಮ್ಮ ನೋಡಿಕೊಳ್ಳುತ್ತೇವೆ. ಕಟಿಂಗ್, ಹೊಲಿಗೆ ನಮ್ಮಲ್ಲೇ, ವಾಷಿಂಗ್ ಹೊರಗೆ ಕೊಡುತ್ತೇವೆ. ಇಷ್ಟು ವರ್ಷ ಹೈದರಾಬಾದ್, ಸೊಲ್ಲಾಪುರದ ಹೋಲ್‌ಸೇಲ್‌ನವರಿಗೇ ಮಾಲು ಕೊಟ್ಟುಕೊಂಡು ಬಂದಿದ್ದೇವೆ. ಅವರು ತಮ್ಮ ಲೇಬಲ್ ಹಾಕಿ ಮಾರುತ್ತಾರೆ. ನಮ್ಮ ಹೆಸರು ಎಲ್ಲೂ ಬರಲ್ಲ, ದುಡ್ಡು ಬರೋದಕ್ಕೆ ಮೂರು ನಾಲ್ಕು ತಿಂಗಳು ಕಾಯಬೇಕು.

ಹೋದ ತಿಂಗಳು ನಮ್ಮ ಪರಿಚಯದವರೊಬ್ಬರು ಊರಿಗೆ ಬಂದಿದ್ದರು. ಅವರು ದುಬೈನ ದೇರಾದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಮಾಲು ನೋಡಿ ಸ್ಯಾಂಪಲ್ ತೆಗೆದುಕೊಂಡು ಹೋದರು, ಈಗ ಅವರ ಮಾಲೀಕರು ಮೊದಲಿಗೆ 600 ಪೀಸು ಕಳಿಸಿ ನೋಡೋಣ ಎನ್ನುತ್ತಿದ್ದಾರೆ. 60 ದಿನ ಉದ್ರಿ ಕೇಳುತ್ತಿದ್ದಾರೆ.

ನನಗೆ ಎಕ್ಸ್‌ಪೋರ್ಟ್ ಬಗ್ಗೆ ಏನೂ ಗೊತ್ತಿಲ್ಲ. ಸರ್ಕಾರ ರಫ್ತು ಮಾಡುವವರಿಗೆ ಸಬ್ಸಿಡಿ ಕೊಡುತ್ತದೆ, ಹೊರದೇಶದಲ್ಲಿ ಸ್ಟಾಲ್ ಹಾಕಿದರೆ ಖರ್ಚು ಕೊಡುತ್ತದೆ, ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ ಎಂದೆಲ್ಲ ಕೇಳಿದ್ದೇನೆ. ಇದರಲ್ಲಿ ಎಷ್ಟು ನಿಜ? ನಮ್ಮಂಥ 16 ಮೆಷಿನ್‌ನವರಿಗೆ ಸಿಗುತ್ತದಾ ಅಥವಾ ದೊಡ್ಡವರಿಗೆ ಮಾತ್ರವಾ? ಇಲ್ಲೊಬ್ಬ ಏಜೆಂಟ್ ಎಲ್ಲ ಲೈಸೆನ್ಸ್ ಮಾಡಿಸಿಕೊಡ್ತೀನಿ, 18 ಸಾವಿರ ಆಗುತ್ತೆ ಎನ್ನುತ್ತಿದ್ದಾನೆ. ಕೊಡಬಹುದಾ? ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನು ದಯವಿಟ್ಟು ತಿಳಿದವರು ಹೇಳಿ.

ಬ್ರೂಸ್‌ಪೇಟೆ ಡೆನಿಮ್

ತಮ್ಮಾ, ಮೊದಲು ಆ 18 ಸಾವಿರ ಜೇಬಿನಲ್ಲೇ ಇಟ್ಟುಕೋ. ಐಇಸಿ ನಂಬರಿಗೆ, ಅಂದರೆ ಆಮದು ರಫ್ತು ಮಾಡಲು ಬೇಕಾದ ನೋಂದಣಿ ಸಂಖ್ಯೆಗೆ, ಸರ್ಕಾರದ ಫೀಸು 500 ರೂಪಾಯಿ, ಅಷ್ಟೇ. ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯ ವೆಬ್‌ಸೈಟಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ ವಿವರ, ವಿಳಾಸದ ದಾಖಲೆ ಹಾಕಿದರೆ ಮನೆಯಲ್ಲೇ ಕೂತು ಮಾಡಬಹುದು. ನಾನು ಮೊದಲ ಸಲ ಗೊತ್ತಿಲ್ಲದೇ ಒಬ್ಬರಿಗೆ 12 ಸಾವಿರ ಕೊಟ್ಟೆ, ಆ ಸಂಕಟ ಇನ್ನೂ ಇದೆ. ಇನ್ನೊಂದು ವಿಷಯ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ಅಪ್‌ಡೇಟ್ ಮಾಡಲೇಬೇಕು, ಏನೂ ಬದಲಾಗದಿದ್ದರೂ ಸರಿ, ಹೋಗಿ ಒತ್ತಬೇಕು. ನಾನೊಂದು ವರ್ಷ ಮರೆತೆ. ನಂಬರ್ ನಿಂತುಹೋಗಿತ್ತು, ಮಾಲು ಪ್ಯಾಕ್ ಆಗಿ ಕೂತಿತ್ತು, ಆಮೇಲೆ ಅದನ್ನು ಸರಿಮಾಡಿಸಿ ಕಳಿಸೋ ಹೊತ್ತಿಗೆ ಹಡಗೇ ತಪ್ಪಿತು.

ಈಗ ಸಹಾಯದ ಮಾತು. ಸಿಗುತ್ತದೆ. ಆದರೆ ನೀನು ಅಂದುಕೊಂಡ ಥರ ಅಲ್ಲ. ಯಾರೂ ಮುಂಚೆ ದುಡ್ಡು ಕೈಗೆ ಕೊಡಲ್ಲ. ಹೆಚ್ಚುಕಡಿಮೆ ಎಲ್ಲವೂ ನೀನು ಖರ್ಚು ಮಾಡಿ, ಬಿಲ್ಲು ಇಟ್ಟುಕೊಂಡು, ಆಮೇಲೆ ವಾಪಸ್ ತೆಗೆದುಕೊಳ್ಳುವಂಥದ್ದು. ಇದು ಮೊದಲೇ ಗೊತ್ತಿದ್ದರೆ ಬೇಜಾರಾಗಲ್ಲ. ಇಲ್ಲದಿದ್ದರೆ ಸಬ್ಸಿಡಿ ಬರುತ್ತೆ ಅಂತ ಲೆಕ್ಕ ಹಾಕಿ ದಾರ, ಜಿಪ್ಪು, ರಿವೆಟ್ ಎಲ್ಲ ಸಾಲಕ್ಕೆ ತಂದು ಸಿಕ್ಕಿಹಾಕಿಕೊಳ್ಳುತ್ತೀಯ. ನಮ್ಮ ಓಣಿಯಲ್ಲೇ ಹಾಗೆ ಆದವರಿದ್ದಾರೆ.

ಬಟ್ಟೆಗೆ ಆರ್‌ಒಎಸ್‌ಸಿಟಿಎಲ್ ಎಂಬ ಸ್ಕೀಮ್ ಇದೆ, 2019ರ ಮಾರ್ಚ್‌ನಿಂದ. ನಾವು ಡೀಸೆಲ್, ಕರೆಂಟು ಇಂಥವುಗಳ ಮೇಲೆ ಕಟ್ಟಿದ ತೆರಿಗೆ ಜಿಎಸ್‌ಟಿಯಲ್ಲಿ ವಾಪಸ್ ಬರಲ್ಲ ಅಲ್ವಾ, ಅದನ್ನು ರಫ್ತಾದ ಮಾಲಿನ ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿ ತಿರುಗಿ ಕೊಡುತ್ತಾರೆ. ನಗದು ಅಲ್ಲ, ಸ್ಕ್ರಿಪ್ ರೂಪದಲ್ಲಿ, ಅಂದರೆ ಆಮದು ಸುಂಕ ಕಟ್ಟಲು ಬಳಸುವ ಕ್ರೆಡಿಟ್ ಆಗಿ, ಕಸ್ಟಮ್ಸ್ ಪೋರ್ಟಲ್‌ನ ಖಾತೆಗೆ ಬೀಳುತ್ತದೆ. ಅದನ್ನು ಇಂಪೋರ್ಟ್ ಮಾಡುವವರಿಗೆ ಮಾರಿ ದುಡ್ಡು ಮಾಡಿಕೊಳ್ಳಬೇಕು. ಬೇರೆ ಮಾಲಿನವರು ಆರ್‌ಒಡಿಟಿಇಪಿ ಎನ್ನುತ್ತಾರೆ, ಸಿದ್ಧ ಉಡುಪಿಗೆ ಅದಲ್ಲ, ಗೊಂದಲ ಬೇಡ. ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಅರ್ಜಿ, ಹಾಕುವಾಗಲೇ ಇದನ್ನು ಕೇಳಿದ್ದೇನೆ ಅಂತ ನಮೂದಿಸಬೇಕು. ಆಮೇಲೆ ನೆನಪಾಯಿತು ಎಂದರೆ ಬರಲ್ಲ.

ದುಬೈಗೆ ಇನ್ನೊಂದು ದೊಡ್ಡ ಅನುಕೂಲ ಇದೆ, ಇದನ್ನು ನಮ್ಮೂರಲ್ಲಿ ಯಾರೂ ಸರಿಯಾಗಿ ಬಳಸುತ್ತಿಲ್ಲ ಎಂಬುದೇ ನನ್ನ ನೋವು. 2022ರ ಮೇ 1ರಿಂದ ಯುಎಇ ಜೊತೆ ನಮ್ಮ ದೇಶದ ಒಪ್ಪಂದ ಜಾರಿಯಲ್ಲಿದೆ, ಸೆಪಾ ಎನ್ನುತ್ತಾರೆ. ಅದಕ್ಕೆ ಮುಂಚೆ ನಮ್ಮ ಬಟ್ಟೆಗೆ ಅಲ್ಲಿ 5% ಸುಂಕ ಇತ್ತು, ಈಗ ಸೊನ್ನೆ. ಆದರೆ ಸುಮ್ಮನೆ ಸೊನ್ನೆ ಆಗಲ್ಲ. ಮಾಲಿನ ಜೊತೆ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಮಾಲು ನಮ್ಮ ದೇಶದ್ದೇ ಎಂಬ ಪತ್ರ, ಹೋಗಬೇಕು, ಸೆಪಾ ಅಡಿ ತೆಗೆದದ್ದೇ ಆಗಬೇಕು. ಅದು ಇಲ್ಲದಿದ್ದರೆ ಅಲ್ಲಿ ತರಿಸಿಕೊಂಡವರು 5% ಕಟ್ಟುತ್ತಾರೆ. ಇದರ ಲಾಭ ನೇರವಾಗಿ ಹೋಗೋದು ಅವರ ಜೇಬಿಗೆ, ನಿನ್ನದಕ್ಕಲ್ಲ. ಹಾಗಾಗಿ ರೇಟ್ ಮಾತಾಡುವಾಗಲೇ ಬಾಯಿಬಿಟ್ಟು ಹೇಳು, ಸಾಹೇಬರೇ ನಾನು ಸರ್ಟಿಫಿಕೇಟ್ ಕೊಡುತ್ತೇನೆ, ನಿಮಗೆ 5% ಉಳಿಯುತ್ತದೆ, ಪೀಸಿಗೆ ಇಷ್ಟು ಜಾಸ್ತಿ ಕೊಡಿ ಅಂತ. ನಾನು ಎರಡನೇ ಆರ್ಡರ್‌ನಲ್ಲಿ ಹಾಗೆ ಕೇಳಿ ಅರ್ಧ ಪಾಲು ಪಡೆದಿದ್ದೇನೆ.

ಉದ್ರಿ ವಿಷಯ ಮಾತ್ರ ಹುಷಾರು. ನನ್ನ ಮೊದಲ ಮಾಲು ಗಲ್ಫ್‌ಗೇ ಹೋಗಿದ್ದು, 60 ದಿನದ ಉದ್ರಿಗೇ. ಮಾಲು ತಲುಪಿತು, ಅರ್ಧ ದುಡ್ಡು ಬಂತು. ಉಳಿದರ್ಧಕ್ಕೆ ಬಣ್ಣ ಒಂದೊಂದು ಪೀಸಿಗೆ ಒಂದೊಂದು ಥರ ಇದೆ ಎಂಬ ಸಬೂಬು. ನಿಜ ಹೇಳಬೇಕೆಂದರೆ ಸ್ವಲ್ಪ ಇತ್ತು ಕೂಡ. ನಮ್ಮಲ್ಲಿ ವಾಷಿಂಗ್ ಬೇರೆ ಬೇರೆ ಲಾಟಿನಲ್ಲಿ ಬಂದರೆ ಶೇಡ್ ಬದಲಾಗೇ ಆಗುತ್ತದೆ. ಇಲ್ಲಿಯ ಹೋಲ್‌ಸೇಲ್‌ನವರು ಅದನ್ನು ಎಣಿಸಲ್ಲ, ಅವರು ಎಣಿಸುತ್ತಾರೆ. ಆ ದುಡ್ಡು ಇವತ್ತಿಗೂ ಬಂದಿಲ್ಲ. ಅದಾದ ಮೇಲೆ ಇಸಿಜಿಸಿ ಪಾಲಿಸಿ ಇಲ್ಲದೇ ಒಂದು ಪೀಸು ಕೂಡ ಉದ್ರಿಗೆ ಕಳಿಸಿಲ್ಲ. ಅದು ಕೇಂದ್ರ ಸರ್ಕಾರದ್ದೇ ಕಂಪನಿ, 1957ರಿಂದ ಇದೆ. ತರಿಸಿಕೊಂಡವನು ದುಡ್ಡು ಕೊಡದಿದ್ದರೆ, ದಿವಾಳಿಯಾದರೆ ನಷ್ಟದ ಬಹುಪಾಲು ತುಂಬಿಕೊಡುತ್ತಾರೆ. ಅದಕ್ಕಿಂತ ದೊಡ್ಡ ಉಪಕಾರ ಎಂದರೆ ಆ ಪಾರ್ಟಿ ಮೇಲೆ ಎಷ್ಟು ಉದ್ರಿ ಕೊಡಬಹುದು ಅಂತ ಅವರು ಮೊದಲೇ ವಿಚಾರಿಸಿ ಮಿತಿ ಹಾಕುತ್ತಾರೆ. ಅವರು ಹಿಂದೆ ಸರಿದರೆ ನೀನೂ ಹಿಂದೆ ಸರಿ.

ಕಾರಟಗಿ ಸೋನಾ

ಬ್ರೂಸ್‌ಪೇಟೆ ಅಣ್ಣಾವ್ರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಮ್ಮದು ಕಾರಟಗಿ ಕಡೆ ರೈಸ್ ಮಿಲ್, ಸೋನಾ ಮಸೂರಿ. ಗಲ್ಫ್‌ನಲ್ಲಿ ನಮ್ಮವರು, ತೆಲುಗಿನವರು ಜಾಸ್ತಿ ಇರುವುದರಿಂದ ಅಲ್ಲಿ ಇದಕ್ಕೇ ಬೇಡಿಕೆ. ಒಬ್ಬರ ಮೂಲಕ ನಾವೂ ಕಳಿಸಲು ಶುರು ಮಾಡಿದ್ದೆವು, ಚೆನ್ನಾಗೇ ಇತ್ತು. 2023ರ ಜುಲೈ 20ಕ್ಕೆ ಸರ್ಕಾರ ಬಾಸುಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಹಡಗಿಗೆ ಲೋಡಿಂಗ್ ಶುರುವಾಗಿದ್ದಂಥ ಮಾಲನ್ನು ಬಿಟ್ಟರು. ನಮ್ಮದು ಮಿಲ್‌ನಲ್ಲೇ ಇತ್ತು, ಅಲ್ಲಿಯ ಪಾರ್ಟಿ ಹೆಸರು ಅಚ್ಚು ಹಾಕಿದ 10 ಕೆ.ಜಿ. ಚೀಲಗಳಲ್ಲಿ. ಅದನ್ನು ಮತ್ತೆ ಸುರಿದು ಬೇರೆ ಚೀಲಕ್ಕೆ ತುಂಬಿಸಿ ಬೆಂಗಳೂರಿಗೆ ಮಾರಿದೆವು. ಹಮಾಲಿ ಖರ್ಚು, ಚೀಲದ ಖರ್ಚು ಎಲ್ಲ ಮೈಮೇಲೆ ಬಂತು. ಮುಂದಿನ ತಿಂಗಳು ಕುಸುಬಲಕ್ಕಿಗೂ 20% ಸುಂಕ ಹಾಕಿದರು. ಮತ್ತೆ ಬಿಳಿ ಅಕ್ಕಿಗೆ ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್ 28ಕ್ಕೆ, ಅದೂ ಟನ್ನಿಗೆ 490 ಡಾಲರ್‌ಗಿಂತ ಕಡಿಮೆಗೆ ಮಾರಬಾರದು ಅಂತ. ಆ ಷರತ್ತನ್ನು ಅಕ್ಟೋಬರ್‌ನಲ್ಲಿ ತೆಗೆದರು. 14 ತಿಂಗಳಲ್ಲಿ ನಮ್ಮ ಪಾರ್ಟಿ ಬೇರೆ ದೇಶದ ಅಕ್ಕಿಗೆ ಹೋಗಿಬಿಟ್ಟಿದ್ದ.

ದೇಶದಲ್ಲಿ ಅಕ್ಕಿ ಬೆಲೆ ಏರುತ್ತಿತ್ತು, ಜನ ತಿನ್ನಬೇಕಲ್ವಾ, ಸರ್ಕಾರದ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಊರಿನ ವ್ಯಾಪಾರವನ್ನು ಪೂರ್ತಿ ಬಿಟ್ಟು ಹೊರದೇಶವನ್ನೇ ನಂಬಬೇಡಪ್ಪಾ. ಜೀನ್ಸ್‌ಗೆ ಇಂಥ ನಿಷೇಧ ಬರಲಿಕ್ಕಿಲ್ಲ. ಆದರೂ ಸುಂಕ ಯಾವಾಗ ಬೇಕಾದರೂ ಏರಬಹುದು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ 50% ಸುಂಕ ಹಾಕಿದಾಗ ತಿರುಪ್ಪೂರಿನವರು ಪಟ್ಟ ಪಾಡು ಪೇಪರಿನಲ್ಲಿ ಓದಿದ್ದೇವೆ. ಹೈದರಾಬಾದ್ ಪಾರ್ಟಿಯನ್ನು ಕೈಬಿಡಬೇಡ.

ಇನ್ನೊಂದು. ನನ್ನ ಕೇಳಿದರೆ ಮೊದಲ 600 ಪೀಸಿಗೆ ಉದ್ರಿಯೂ ಬೇಡ, ವಿಮೆಯೂ ಬೇಡ. ಪೂರ್ತಿ ಮುಂಗಡ ಕೇಳು. ಕೊಡದಿದ್ದರೆ 30% ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಹಡಗಿಗೆ ಹತ್ತಿದ ರಸೀದಿಯ ಪ್ರತಿ ತೋರಿಸಿದಾಗ. ಅಸಲು ಪ್ರತಿ ದುಡ್ಡು ಬಂದ ಮೇಲೆಯೇ ಕೈಬಿಡು.

ಕೌಲ್‌ಬಜಾರ್ ಹುಡುಗ

ಇಬ್ಬರಿಗೂ ತುಂಬಾ ಧನ್ಯವಾದ ಅಣ್ಣಾ. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಮುಂಗಡ ಕೇಳಿದರೆ ಆರ್ಡರೇ ಹೋಗಿಬಿಡುತ್ತದೇನೋ ಎಂಬ ಭಯ ಇದೆ, ಸುಳ್ಳು ಯಾಕೆ ಹೇಳಲಿ. ಮತ್ತೆ ಸ್ಟಾಲ್ ಹಾಕೋದಕ್ಕೆ ಸಹಾಯ, ಕಡಿಮೆ ಬಡ್ಡಿ ಸಾಲ, ಇವು ನಿಜವಾ? ಆ ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ? ಬಳ್ಳಾರಿಯಲ್ಲಿ ಯಾರನ್ನು ಕೇಳಬೇಕು?

ರಾಯಚೂರಿನ ಮಗಳು

ನಾನು ರಾಯಚೂರಿನವಳು, ಬೆಂಗಳೂರಿನಲ್ಲಿ ಕಸ್ಟಮ್ಸ್ ಬ್ರೋಕರ್ ಒಬ್ಬರ ಹತ್ತಿರ ಡಾಕ್ಯುಮೆಂಟ್ ಕೆಲಸ ಮಾಡುತ್ತೇನೆ. ದಿನಾ ನೋಡುವುದು ಇದನ್ನೇ. ಊರ ಕಡೆಯವರು ಕಾಗದದ ಸಣ್ಣ ತಪ್ಪಿಗೆ ದುಡ್ಡು ಕಳೆದುಕೊಳ್ಳುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಐಇಸಿ ಆದ ಮೇಲೆ ನಿಮ್ಮ ಬ್ಯಾಂಕಿಗೆ ಹೋಗಿ ಎಡಿ ಕೋಡ್ ಪತ್ರ ಕೇಳಿ, ರಫ್ತಿನ ದುಡ್ಡು ಯಾವ ಬ್ಯಾಂಕಿನ ಮೂಲಕ ಬರುತ್ತದೆ ಎಂದು ಕಸ್ಟಮ್ಸ್‌ಗೆ ತೋರಿಸುವ ಕೋಡ್ ಅದು. ಚಿಕ್ಕ ಬ್ರಾಂಚಿನವರಿಗೆ ಇದು ಗೊತ್ತಿರುವುದೇ ಕಡಿಮೆ, ಫಾರೆಕ್ಸ್ ವ್ಯವಹಾರ ಮಾಡುವ ಬ್ರಾಂಚ್ ಎಲ್ಲಿದೆ ಎಂದು ಕೇಳಿ ಅಲ್ಲಿಗೇ ಹೋಗಿ. ಆ ಕೋಡನ್ನು ಮಾಲು ಹೋಗುವ ಬಂದರಿಗೆ ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಚೆನ್ನೈಗೆ ಮಾಡಿಸಿ ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋದಿಂದ ಕಳಿಸಲು ಹೋದರೆ ಆಗುವುದಿಲ್ಲ, ಪ್ರತಿ ಬಂದರಿಗೂ ಬೇರೆ ಬೇರೆ. ಜಿಎಸ್‌ಟಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಹಾಕಿ, ವರ್ಷಕ್ಕೊಮ್ಮೆ. ಅದು ಇದ್ದರೆ ರಫ್ತಿನ ಬಿಲ್ಲಿಗೆ ತೆರಿಗೆ ಕಟ್ಟದೇ ಕಳಿಸಬಹುದು, ಡೆನಿಮ್ ಥಾನಿಗೆ ಕಟ್ಟಿದ ಜಿಎಸ್‌ಟಿಯನ್ನೂ ವಾಪಸ್ ಕೇಳಬಹುದು. ಚಿಕ್ಕವರಿಗೆ ಸರ್ಕಾರದಿಂದ ಬರುವ ದುಡ್ಡಿನಲ್ಲಿ ಬೇಗ ಕೈಗೆ ಸಿಗುವುದು ಇದೇ ಎಂದು ನನ್ನ ಅನುಭವ. ಇದು ಸಬ್ಸಿಡಿ ಅಲ್ಲ, ನಿಮ್ಮದೇ ದುಡ್ಡು.

ಆಮೇಲೆ ಎಇಪಿಸಿ, ಅಂದರೆ ಸಿದ್ಧ ಉಡುಪು ರಫ್ತು ಮಂಡಳಿ. ಅಲ್ಲಿ ಸದಸ್ಯರಾಗಿ ಆರ್‌ಸಿಎಂಸಿ, ಅಂದರೆ ನೋಂದಣಿ ಮತ್ತು ಸದಸ್ಯತ್ವದ ಸರ್ಟಿಫಿಕೇಟ್, ತೆಗೆದುಕೊಳ್ಳಿ. ಫೀಸು ಜಾಸ್ತಿ ಅನ್ನಿಸುತ್ತದೆ. ಆದರೆ ಎಂಎಸ್‌ಎಂಇ ಸಚಿವಾಲಯದ್ದೊಂದು ಸ್ಕೀಮ್ ಇದೆ, ಮೊದಲ ಸಲ ರಫ್ತು ಮಾಡುವ ಸಣ್ಣವರಿಗೆಂದೇ. ಆರ್‌ಸಿಎಂಸಿ ಖರ್ಚಿನಲ್ಲಿ 75% ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ವಾಪಸ್ ಕೊಡುತ್ತಾರೆ. ರಫ್ತು ವಿಮೆಯ ಪ್ರೀಮಿಯಂಗೂ, ಮಾಲಿನ ಪರೀಕ್ಷೆ ಸರ್ಟಿಫಿಕೇಟ್ ಖರ್ಚಿಗೂ ಅದರಲ್ಲಿ ಸಹಾಯ ಇದೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ, ಇರಬೇಕು. 16 ಮೆಷಿನ್‌ನವರಿಗೆ ಮಾಡಿದ ಸ್ಕೀಮೇ ಇದು, ದೊಡ್ಡವರಿಗಲ್ಲ.

ಸ್ಟಾಲ್ ವಿಷಯ ನಿಜ. ಎಂಎಐ ಎನ್ನುವ ಸ್ಕೀಮಿನಲ್ಲಿ ಮಂಡಳಿಗಳ ಮೂಲಕ ಹೊರದೇಶದ ಮೇಳಗಳಿಗೆ ಕರೆದುಕೊಂಡು ಹೋಗುತ್ತಿದ್ದರು, ಸ್ಟಾಲ್ ಬಾಡಿಗೆಯಲ್ಲಿ ರಿಯಾಯಿತಿ, ಚಿಕ್ಕವರಿಗೆ ವಿಮಾನದ ಟಿಕೆಟ್‌ನ ಒಂದು ಭಾಗ. ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುತ್ತಿದ್ದ ಹಳೇ ಸ್ಕೀಮ್ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, 2030-31ರವರೆಗೆ. ಸಾಲ, ಬಡ್ಡಿಯ ಸಹಾಯ ಅದರಲ್ಲಿ ನಿರ್ಯಾತ್ ಪ್ರೋತ್ಸಾಹನ್ ಎಂಬ ಭಾಗಕ್ಕೆ ಬರುತ್ತದೆ, ಮೇಳ, ಬ್ರಾಂಡಿಂಗ್, ಗೋದಾಮು ಇವೆಲ್ಲ ನಿರ್ಯಾತ್ ದಿಶಾ ಎಂಬುದಕ್ಕೆ. ಹಾಗಾಗಿ ಹಳೇ ವಿಡಿಯೋ ನೋಡಿಕೊಂಡು ಬ್ಯಾಂಕಿಗೆ ಹೋಗಿ ವಾದ ಮಾಡಬೇಡಿ, ಹೊಸ ಹೆಸರು ಹೇಳಿ ಕೇಳಿ.

ಸರ್ಟಿಫಿಕೇಟ್ ಆಫ್ ಒರಿಜಿನ್ ಈಗ ಪೂರ್ತಿ ಆನ್‌ಲೈನ್, ಡಿಜಿಎಫ್‌ಟಿಯ ವ್ಯವಸ್ಥೆಯಲ್ಲೇ ಅರ್ಜಿ ಹಾಕುವುದು. ಥಾನು ಎಲ್ಲಿಂದ ಕೊಂಡಿರಿ, ಗುಂಡಿ, ಜಿಪ್ಪು ಎಲ್ಲಿಯದು ಎಂಬುದಕ್ಕೆ ಬಿಲ್ಲು ಇರಬೇಕು. ನಮ್ಮ ಕಡೆ ಕಚ್ಚಾ ಚೀಟಿಯಲ್ಲಿ ಸಾಮಾನು ಕೊಳ್ಳುವ ರೂಢಿ ಜಾಸ್ತಿ, ಅದನ್ನು ಇವತ್ತೇ ಬಿಡಿ. ಬಿಲ್ಲಿಲ್ಲದ ಡೆನಿಮ್‌ಗೆ ರೀಫಂಡೂ ಇಲ್ಲ, ಸರ್ಟಿಫಿಕೇಟೂ ಕಷ್ಟ.

ಬಳ್ಳಾರಿಯಲ್ಲಿ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ರಫ್ತು ಉತ್ತೇಜನ ಸಮಿತಿ ಇರುತ್ತದೆ, ಅದರ ಕೆಲಸ ಅಲ್ಲಿಂದಲೇ ನಡೆಯುವುದು. ರಾಜ್ಯ ಸರ್ಕಾರದ್ದು ವಿಟಿಪಿಸಿ, ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ, ಬೆಂಗಳೂರಿನಲ್ಲಿದೆ. ಹೊಸಬರಿಗೆ ತರಬೇತಿ ಕೊಡುತ್ತಾರೆ. ತಮ್ಮನನ್ನಾದರೂ ಒಮ್ಮೆ ಕಳಿಸಿ.

ಉದ್ರಿ ವಿಮೆ ಬಗ್ಗೆ ಇಬ್ಬರು ಅಣ್ಣಂದಿರ ಮಾತಿನಲ್ಲೂ ಅರ್ಥ ಇದೆ. ಆದರೆ ಒಂದು ಮುಖ್ಯವಾದ ಮಾತು ಬಿಟ್ಟುಹೋಗಿದೆ. ಮಾಲು ಸರಿಯಿಲ್ಲ ಎಂದು ಅವರು ತಕರಾರು ತೆಗೆದರೆ ಇಸಿಜಿಸಿ ಸುಮ್ಮನೆ ದುಡ್ಡು ಕೊಡುವುದಿಲ್ಲ, ಮೊದಲು ಆ ತಕರಾರು ನಿಮ್ಮ ಪರ ತೀರ್ಮಾನ ಆಗಬೇಕು. ಬ್ರೂಸ್‌ಪೇಟೆ ಅಣ್ಣನಿಗೆ ಆದದ್ದು ಬಣ್ಣದ ತಕರಾರು. ಆವತ್ತು ಪಾಲಿಸಿ ಇದ್ದಿದ್ದರೂ ಕ್ಲೇಮ್ ಕಷ್ಟವಾಗುತ್ತಿತ್ತು.

ಬ್ರೂಸ್‌ಪೇಟೆ ಡೆನಿಮ್

ಹೌದು ತಂಗಿ, ಅದು ನನಗೆ ಪಾಲಿಸಿ ತೆಗೆದುಕೊಳ್ಳುವಾಗ ಗೊತ್ತಾಯಿತು. ಹೇಳಿದ್ದು ಒಳ್ಳೆಯದಾಯಿತು. ಈಗ ನಾನು ಹೀಗೆ ಮಾಡುತ್ತೇನೆ. ವಾಷಿಂಗ್ ಆದ ಮೇಲೆ ಪಾರ್ಟಿಗೆ ಶೇಡ್ ಬ್ಯಾಂಡ್ ಕಳಿಸುತ್ತೇನೆ, ಅಂದರೆ ಒಂದೇ ಲಾಟಿನಲ್ಲಿ ಬಂದ ತಿಳಿ, ನಡು, ಗಾಢ ಮೂರು ಪೀಸು. ಈ ಮೂರರ ಒಳಗೆ ಇರುವುದೆಲ್ಲ ಒಪ್ಪಿಗೆ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳುತ್ತೇನೆ. ಅದೇ ಮೂರು ನನ್ನ ಹತ್ತಿರವೂ ಸೀಲ್ ಹಾಕಿ ಇರುತ್ತವೆ. ಒಂದು ಕಾರ್ಟನ್‌ಗೆ ಒಂದೇ ಶೇಡ್ ಹಾಕುತ್ತೇನೆ, ಮಿಕ್ಸ್ ಮಾಡಲ್ಲ. ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಕಟಿಂಗ್‌ಗೆ ಮುಂಚೆ ಪ್ರತಿ ಥಾನಿನಿಂದ ತುಂಡು ತೆಗೆದು ನೋಡುತ್ತೇವೆ. ವಾಷಿಂಗ್‌ನವರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು 600 ಪೀಸನ್ನೂ ಒಂದೇ ದಿನ, ಒಂದೇ ಕಡೆ ಮಾಡಿಸು ತಮ್ಮಾ. ಇಷ್ಟು ಮಾಡಿದರೆ ತಕರಾರಿಗೆ ಜಾಗ ಇರಲ್ಲ, ಆಗ ವಿಮೆಯೂ ಕೆಲಸಕ್ಕೆ ಬರುತ್ತದೆ.

ಮತ್ತೆ ಮುಂಗಡ ಕೇಳಲು ಹೆದರಬೇಡ. ಜೀನ್ಸ್ ಹೊಲಿಯುವ ಕೈ ಬಳ್ಳಾರಿಯಲ್ಲಿ ತಲೆಮಾರುಗಳಿಂದ ಇದೆ, ನಿಮ್ಮ ಮಾಲು ನೋಡಿಯೇ ತಾನೇ ಅವರು ಬಂದದ್ದು.

ಕಿನ್ನಾಳದಿಂದ

ನಾನು ಜೀನ್ಸ್‌ನವಳಲ್ಲ, ಆದರೂ ಒಂದು ಮಾತು. ನಮ್ಮ ಮನೆಯಲ್ಲಿ ಕಿನ್ನಾಳದ ಮರದ ಬೊಂಬೆ ಮಾಡುತ್ತಾರೆ, ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು, ಇರುವ ಕಲೆ. ಹೊರದೇಶದಲ್ಲಿರುವ ಕನ್ನಡದವರು ಗೌರಿ, ಗಣಪ, ಕಾಮಧೇನು ತರಿಸಿಕೊಳ್ಳುತ್ತಾರೆ. ಹತ್ತು, ಹದಿನೈದು ಪೀಸಿಗೆ ಕಂಟೇನರ್ ಎಲ್ಲಿಂದ ತರೋಣ? ನಾವು ಅಂಚೆಯಲ್ಲೇ ಕಳಿಸುತ್ತೇವೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ಎಂಬ ವ್ಯವಸ್ಥೆ ಇದೆ, ಕಸ್ಟಮ್ಸ್ ಬಿಲ್ಲನ್ನು ಮನೆಯಲ್ಲೇ ಆನ್‌ಲೈನ್ ತುಂಬಿ ಪಾರ್ಸೆಲ್ ಕೊಟ್ಟು ಬರಬಹುದು. ನಿಮಗೆ ಸ್ಯಾಂಪಲ್ ಕಳಿಸುವುದಕ್ಕೆ, ಶೇಡ್ ಪೀಸು ಕಳಿಸುವುದಕ್ಕೆ ಇದು ಸಾಕು, ಕೊರಿಯರ್‌ಗಿಂತ ನಮಗೆ ಕಡಿಮೆ ಬಿದ್ದಿದೆ. ಒಂದೇ ಕಷ್ಟ, 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕಕ್ಕೆ ಅಂಚೆ ಬುಕಿಂಗ್ ನಿಂತು ಅಕ್ಟೋಬರ್ ಮಧ್ಯದವರೆಗೆ ಶುರುವಾಗಲಿಲ್ಲ. ಹೋದದ್ದು ಸರಿಯಾಗಿ ದಸರಾ ಬೊಂಬೆಯ ಸೀಸನ್. ಅಮ್ಮ ಬಣ್ಣ ಹಚ್ಚಿಟ್ಟ ಬೊಂಬೆಗಳು ಮನೆಯಲ್ಲೇ ಉಳಿದವು.

ಕಾರಟಗಿ ಸೋನಾ

ಅಕ್ಕಾ, ನಿಮ್ಮ ಕಷ್ಟ ನನಗೆ ಗೊತ್ತಾಗುತ್ತದೆ. ಚೀಲ ಬೇರೆ, ಬೊಂಬೆ ಬೇರೆ, ಅಷ್ಟೇ ವ್ಯತ್ಯಾಸ.

ತಮ್ಮಾ, ದುಬೈನಲ್ಲಿ ಭಾರತ್ ಮಾರ್ಟ್ ಅಂತ ಜೆಬೆಲ್ ಅಲಿಯಲ್ಲಿ ಕಟ್ಟಲು 2024ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಗಿದೆ. ನಮ್ಮವರು ಅಲ್ಲೇ ಗೋದಾಮು, ಶೋರೂಮ್ ಇಟ್ಟು ಮಾರಲಿ ಎಂಬ ಉದ್ದೇಶ. ಇವತ್ತು ಬೇಡ. ನಾಲ್ಕು ಆರ್ಡರ್ ಹೋಗಲಿ, ಆಮೇಲೆ ಬಳ್ಳಾರಿಯ ಏಳೆಂಟು ಯೂನಿಟ್‌ನವರು ಸೇರಿ ಅದನ್ನು ವಿಚಾರಿಸಿ. ಒಬ್ಬೊಬ್ಬರಿಂದ ಆಗುವ ಕೆಲಸ ಅಲ್ಲ ಅದು.

ಕೌಲ್‌ಬಜಾರ್ ಹುಡುಗ

ಎಲ್ಲರಿಗೂ ಕೈಮುಗಿದು ಧನ್ಯವಾದ. ಏಜೆಂಟ್‌ಗೆ ಬೇಡ ಎಂದು ಹೇಳಿಬಿಟ್ಟೆ. ನಿನ್ನೆ ರಾತ್ರಿ ತಮ್ಮ ಕೂತು ಐಇಸಿಗೆ ಅರ್ಜಿ ಹಾಕಿದ, 500 ರೂಪಾಯಿಯೇ ಕಟ್ಟಿದ್ದು. ದುಬೈಗೂ ಫೋನ್ ಮಾಡಿದೆ. 5% ಮಾತು ತೆಗೆದಾಗ ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಸರ್ಟಿಫಿಕೇಟ್ ಗ್ಯಾರಂಟಿ ಕೊಡುತ್ತೀಯಾ ಎಂದು ಕೇಳಿದರು. ಕೊಡುತ್ತೇನೆ ಎಂದೆ. 30% ಮುಂಗಡಕ್ಕೆ ಒಪ್ಪಿದ್ದಾರೆ, ಉಳಿದದ್ದಕ್ಕೆ ಇನ್ನೂ ಉದ್ರಿಯನ್ನೇ ಹಿಡಿದಿದ್ದಾರೆ, ಸೋಮವಾರ ಮತ್ತೆ ಮಾತಾಡಬೇಕು.

ಅಕ್ಕ, ಒಂದೇ ಒಂದು ಪ್ರಶ್ನೆ ಉಳಿದಿದೆ. ನಮ್ಮ ಹತ್ತಿರ ಈಗಾಗಲೇ ಕಚ್ಚಾ ಚೀಟಿಯಲ್ಲಿ ಕೊಂಡ ಡೆನಿಮ್ ಸ್ವಲ್ಪ ಇದೆ, ಇನ್ನೂರು ಪೀಸಿಗಾಗುವಷ್ಟು. ಅದನ್ನು ಈ ಆರ್ಡರ್‌ಗೆ ಬಳಸಲೇಬಾರದಾ?

ರಾಯಚೂರಿನ ಮಗಳು

ಬಳಸಬೇಡಿ. ಅದನ್ನು ಹೈದರಾಬಾದ್ ಪಾರ್ಟಿಗೂ ಬಿಲ್ ಇಲ್ಲದೇ ಕೊಡಬೇಡಿ, ಕೊಟ್ಟವರ ಹತ್ತಿರ ಹೋಗಿ ಮೊದಲು ಬಿಲ್ ಹಾಕಿಸಿಕೊಳ್ಳಿ. ದುಬೈ ಆರ್ಡರ್‌ಗೆ 600 ಪೀಸಿಗೂ ಹೊಸ ಥಾನು, ಒಂದೇ ಮಿಲ್ಲಿನದು, ಒಂದೇ ಬಿಲ್ಲಿನಲ್ಲಿ ತನ್ನಿ. ಶೇಡ್‌ಗೂ ಅದೇ ಒಳ್ಳೆಯದು. ಇನ್‌ವಾಯ್ಸ್ ಮಾಡುವ ಮುಂಚೆ ಡ್ರಾಫ್ಟ್ ಇಲ್ಲಿ ಹಾಕಿ, ಪಾರ್ಟಿ ಹೆಸರು, ರೇಟ್ ಅಳಿಸಿ ಹಾಕಿ, ನೋಡಿ ಹೇಳುತ್ತೇನೆ.